ನಾಲ್ಕು ಅಕ್ಷರದ ಜಾತಕ

ಜಾತಕ ಕೂಡಿಬಂದರೆ ಮಾತ್ರ ಮದುವೆ ಎನ್ನುವ ಹಿರಿಯರನ್ನು ಕಂಡು ನಗುವ ನಮ್ಮ ಕಾಲೇಜು ಹುಡುಗ ಹುಡುಗಿಯರು ಈಗ ಒಬ್ಬರನ್ನೊಬ್ಬರು ಕೇಳುವ ಪ್ರಶ್ನೆ, ‘ನಿಂದು ಯಾವ ಟೈಪ್?’ ಉತ್ತರವಾಗಿ ಐಎನ್‌ಎಫ್‌ಜೆ, ಇಎಸ್‌ಟಿಪಿ ಎಂದು ನಾಲ್ಕು ಇಂಗ್ಲಿಷ್ ಅಕ್ಷರಗಳು ಬರುತ್ತವೆ. ರಾಶಿಗಳು ಹನ್ನೆರಡಿದ್ದವು, ಇಲ್ಲಿ ಹದಿನಾರು, ಪ್ರಗತಿಯೆಂದರೆ ಅಷ್ಟೇ. ಸಾಹಿತ್ಯದ ಮಾತುಕತೆಗೂ ಈ ಚಟ ಅಂಟಿದೆ. ಕಾದಂಬರಿಯ ನಾಯಕ ‘ಅಂತರ್ಮುಖಿ’ ಎಂದುಬಿಟ್ಟರೆ ವಿಮರ್ಶೆ ಮುಗಿಯಿತು. ನನ್ನ ತಕರಾರು ಇರುವುದು ಈ ಮುಗಿಯಿತು ಎನ್ನುವ ಧೋರಣೆಯ ಮೇಲೆ.

ಈ ಅಕ್ಷರಗಳ ಮೂಲ ಕಾರ್ಲ್ ಯೂಂಗ್ 1921ರಲ್ಲಿ ಪ್ರಕಟಿಸಿದ ಮನೋಪ್ರರೂಪಗಳ ಪುಸ್ತಕ. ಅಮೆರಿಕದ ಕ್ಯಾಥರೀನ್ ಬ್ರಿಗ್ಸ್ ಅದನ್ನು ಓದಿ ಮಾರುಹೋದರು. ಅವರ ಮಗಳು ಇಸಬೆಲ್ ಮಯರ್ಸ್ ಎರಡನೆಯ ಮಹಾಯುದ್ಧದ ಹೊತ್ತಿಗೆ ಅದನ್ನೊಂದು ಪ್ರಶ್ನಾವಳಿಯಾಗಿಸಿದರು. ತಾಯಿ ಮಗಳು ಇಬ್ಬರೂ ಮನೋವಿಜ್ಞಾನವನ್ನು ಕ್ರಮವಾಗಿ ಕಲಿತವರಲ್ಲ. ಇಸಬೆಲ್ ಪತ್ತೇದಾರಿ ಕಾದಂಬರಿ ಬರೆದು ಬಹುಮಾನ ಪಡೆದಿದ್ದವರು. ಅದನ್ನು ಅಪರಾಧವೆಂದು ಸಾಹಿತ್ಯದವರಾದ ನಾವಂತೂ ಹೇಳಲಾರೆವು. ದೋಷವಿರುವುದು ಅಳೆಯುವ ವಿಧಾನದಲ್ಲಿ. ಐದಡಿ ನಾಲ್ಕಂಗುಲಕ್ಕೆ ಒಂದು ಗೆರೆ ಎಳೆದು, ಮೇಲಿದ್ದವರೆಲ್ಲ ‘ಎತ್ತರದವರು’, ಕೆಳಗಿದ್ದವರೆಲ್ಲ ‘ಕುಳ್ಳರು’ ಎಂದು ಎರಡು ಜಾತಿ ಮಾಡಿದರೆ ಏನಾದೀತು? ಹೆಚ್ಚಿನ ಜನ ಗೆರೆಯ ಆಸುಪಾಸಿನಲ್ಲೇ ಇರುತ್ತಾರೆ. ಅಂತರ್ಮುಖತೆ, ಬಹಿರ್ಮುಖತೆಗಳೂ ಹಾಗೆಯೇ. ಇವತ್ತು ಗೆರೆಯ ಈಚೆಗಿದ್ದವರು ತಿಂಗಳ ನಂತರ ಎರಡು ಪ್ರಶ್ನೆಗೆ ಬೇರೆ ಉತ್ತರ ಬರೆದರೆ ಆಚೆಗೆ ಹೋಗುತ್ತಾರೆ, ‘ಜಾತಕ’ವೇ ಬದಲಾಗುತ್ತದೆ.

ಆದರೂ ಓದಿದಾಗ ‘ಅರೆ, ಇದು ನಾನೇ’ ಅನ್ನಿಸುತ್ತದಲ್ಲ? ಅದಕ್ಕೆ ಉತ್ತರ 1948ರಲ್ಲೇ ಸಿಕ್ಕಿದೆ. ಬರ್ಟ್ರಂ ಫೋರರ್ ಎಂಬ ಮನೋವಿಜ್ಞಾನಿ ತನ್ನ 39 ವಿದ್ಯಾರ್ಥಿಗಳಿಗೆ ಒಂದು ಪರೀಕ್ಷೆ ಕೊಟ್ಟು, ಆಮೇಲೆ ಒಬ್ಬೊಬ್ಬರಿಗೂ ಅವರವರ ವ್ಯಕ್ತಿತ್ವದ ವಿವರಣೆ ಹಂಚಿದ. ಎಷ್ಟು ಹೊಂದುತ್ತದೆ ಎಂದು ಐದಕ್ಕೆ ಅಂಕ ಕೊಡಿ ಎಂದ. ಸರಾಸರಿ 4.26 ಬಂತು. ಎಲ್ಲರ ಕೈಯಲ್ಲಿದ್ದದ್ದೂ ಒಂದೇ ಚೀಟಿ. ಅದರ ಸಾಲುಗಳನ್ನು ಅವನು ಆಯ್ದದ್ದು ಒಂದು ಜ್ಯೋತಿಷ್ಯದ ಪುಸ್ತಕದಿಂದ.

ಗಂಭೀರ ಮನೋವಿಜ್ಞಾನ ಈ ಹದಿನಾರು ಪೆಟ್ಟಿಗೆಗಳನ್ನು ಹೆಚ್ಚು ನೆಚ್ಚಿಕೊಂಡಿಲ್ಲ ನಿಜ. ಅದರ ದಾರಿ ಬೇರೆ. 1936ರಲ್ಲಿ ಗಾರ್ಡನ್ ಆಲ್‌ಪೋರ್ಟ್ ಮತ್ತು ಹೆನ್ರಿ ಓಡ್‌ಬರ್ಟ್ ಇಂಗ್ಲಿಷಿನ ವೆಬ್‌ಸ್ಟರ್ ನಿಘಂಟನ್ನು ಜಾಲಾಡಿ, ಮನುಷ್ಯನನ್ನು ಬಣ್ಣಿಸುವ ಸುಮಾರು 18,000 ಪದಗಳನ್ನು ಪಟ್ಟಿ ಮಾಡಿದರು. ಮುಂದೆ ಬಂದವರು ಲೆಕ್ಕಾಚಾರದ ಜರಡಿ ಹಿಡಿದು ಸೋಸುತ್ತ ಹೋದರು. ರೇಮಂಡ್ ಕ್ಯಾಟೆಲ್ 16ಕ್ಕೆ ನಿಂತ. ಕೊನೆಗೆ ಹೆಚ್ಚಿನವರು ಒಪ್ಪಿದ್ದು ಐದಕ್ಕೆ: ಹೊಸತಿಗೆ ತೆರೆದುಕೊಳ್ಳುವಿಕೆ, ಶಿಸ್ತು, ಬಹಿರ್ಮುಖತೆ, ಸೌಹಾರ್ದ, ಬೇಗ ಕಳವಳಗೊಳ್ಳುವಿಕೆ. ಇಲ್ಲಿ ಪೆಟ್ಟಿಗೆಗಳಿಲ್ಲ, ಹೆಚ್ಚು ಕಡಿಮೆಯ ಪ್ರಮಾಣವಿದೆ. ಹಾಗಾಗಿ ಇದು ಎಷ್ಟೋ ಮೇಲು.

ಆದರೆ ಕಷ್ಟ ಶುರುವಾಗುವುದು ವರ್ಣನೆಯನ್ನು ನಾವು ಕಾರಣವೆಂದು ಹಿಡಿದಾಗ. ಅವನು ಯಾಕೆ ಮಾತಾಡುವುದಿಲ್ಲ? ಅಂತರ್ಮುಖಿ. ಅಂತರ್ಮುಖಿ ಎಂದು ಹೇಗೆ ಗೊತ್ತು? ಮಾತಾಡುವುದಿಲ್ಲವಲ್ಲ! ಗಾಣದೆತ್ತು ಎಷ್ಟು ಸುತ್ತಿದರೂ ಊರು ಮುಟ್ಟುವುದಿಲ್ಲ.

ಗುಣವೆಂಬುದು ಜೇಬಿನಲ್ಲಿಟ್ಟ ನಾಣ್ಯದಂತೆ ಎಲ್ಲ ಕಡೆಗೂ ನಮ್ಮೊಡನೆ ಬರುತ್ತದೆಯೇ? ಹ್ಯೂ ಹಾರ್ಟ್‌ಶೋರ್ನ್ ಮತ್ತು ಮಾರ್ಕ್ ಮೇ ಎಂಬಿಬ್ಬರು ಅಮೆರಿಕದ ಸಾವಿರಾರು ಶಾಲಾಮಕ್ಕಳ ಪ್ರಾಮಾಣಿಕತೆಯನ್ನು ಪರೀಕ್ಷಿಸಿ 1928ರಲ್ಲಿ ವರದಿ ಕೊಟ್ಟರು. ಪರೀಕ್ಷೆಯಲ್ಲಿ ನಕಲು ಮಾಡಿದ ಮಗು ಆಟದಲ್ಲೂ ಮೋಸ ಮಾಡೀತು, ಸುಳ್ಳು ಹೇಳೀತು ಎಂದು ನೆಚ್ಚಿ ಹೇಳುವಂತಿರಲಿಲ್ಲ. 1968ರಲ್ಲಿ ವಾಲ್ಟರ್ ಮಿಶೆಲ್ ಇಂಥ ಸಂಶೋಧನೆಗಳನ್ನೆಲ್ಲ ಒಟ್ಟಿಗಿಟ್ಟು ನೋಡಿದ. ಪ್ರಶ್ನಾವಳಿಯಲ್ಲಿ ಕಂಡ ಗುಣಕ್ಕೂ ಒಂದು ಸಂದರ್ಭದಲ್ಲಿ ಆ ವ್ಯಕ್ತಿ ನಿಜವಾಗಿ ನಡೆದುಕೊಳ್ಳುವುದಕ್ಕೂ ಇರುವ ಸಂಬಂಧ, ಪೂರ್ತಿ ಹೊಂದಿಕೆಯನ್ನು 1 ಎಂದರೆ, 0.30 ದಾಟುವುದೇ ಅಪರೂಪ ಎಂದ.

ಎದುರು ಪಕ್ಷದವರ ಮಾತಲ್ಲೂ ತೂಕವಿದೆ. ಒಂದು ದಿನದ ನಡತೆ ಬಿಡಿ, ನೂರು ದಿನಗಳ ಸರಾಸರಿ ತೆಗೆಯಿರಿ, ಆಗ ಗುಣ ಸ್ಥಿರವಾಗಿ ಕಾಣುತ್ತದೆ ಎಂದರು. ಹೌದು, ಕಾಣುತ್ತದೆ. ಆದರೆ ಸರಾಸರಿಯಲ್ಲಿ ಬದುಕುವ ಮನುಷ್ಯ ಎಲ್ಲಿದ್ದಾನೆ? ಮಿಶೆಲ್, ಯೂಇಚಿ ಶೋದ ಮತ್ತು ಜೊತೆಗಾರರು ಮಕ್ಕಳ ಬೇಸಿಗೆ ಶಿಬಿರವೊಂದರಲ್ಲಿ ಕೂತು ಗಮನಿಸಿ 1994ರಲ್ಲಿ ಪ್ರಕಟಿಸಿದ ಅಧ್ಯಯನ ನನಗೆ ಮುಖ್ಯವೆನಿಸುವುದು ಇಲ್ಲಿಯೇ. ಒಟ್ಟು ಲೆಕ್ಕದಲ್ಲಿ ಇಬ್ಬರು ಮಕ್ಕಳು ಒಂದೇ ಸಮ ಸಿಡುಕರಾಗಿರಬಹುದು. ಆದರೆ ಒಬ್ಬ ಸಿಡುಕುವುದು ದೊಡ್ಡವರು ಗದರಿದಾಗ, ಇನ್ನೊಬ್ಬ ಓರಗೆಯವರು ಕೆಣಕಿದಾಗ. ವಾರಗಟ್ಟಲೆ ನೋಡಿದರೂ ಅನೇಕ ಮಕ್ಕಳಲ್ಲಿ ಈ ‘ಹೀಗಾದಾಗ ಹೀಗೆ’ ಎಂಬ ಮಾದರಿ ಬದಲಾಗಲಿಲ್ಲ. ಅಂದರೆ ವ್ಯಕ್ತಿತ್ವ ಇದೆ, ಗಟ್ಟಿಯಾಗಿಯೇ ಇದೆ. ಸಂದರ್ಭವನ್ನು ಅಳಿಸಿದ ಕೂಡಲೇ ಅದು ಕಾಣೆಯಾಗುತ್ತದೆ.

ಕನ್ನಡಕ್ಕೆ ಇದು ಹೊಸ ಮಾತೇನಲ್ಲ. ‘ದಾಕ್ಷಿಣ್ಯ’ ಎಂಬ ಪದವನ್ನು ಆ ಐದರಲ್ಲಿ ಯಾವುದಕ್ಕೆ ಸೇರಿಸುತ್ತೀರಿ? ಸೌಹಾರ್ದಕ್ಕೋ, ಕಳವಳಕ್ಕೋ? ದಾಕ್ಷಿಣ್ಯದ ಸ್ವಭಾವದವನು ಎಂದರೂ ‘ಯಾರ ಮುಂದೆ?’ ಎಂಬ ಪ್ರಶ್ನೆ ಏಳುತ್ತದೆ. ಸಲಿಗೆ, ಹಂಗು, ಬಿಗುಮಾನ ಇವೂ ಅಷ್ಟೇ. ಇಬ್ಬರಿಲ್ಲದೆ ಈ ಪದಗಳಿಗೆ ಅರ್ಥವೇ ಇಲ್ಲ. ಕಾದಂಬರಿಕಾರರಿಗೂ ಇದು ಗೊತ್ತು. 1965ರ ‘ಸಂಸ್ಕಾರ’ದ ಪ್ರಾಣೇಶಾಚಾರ್ಯ ಯಾವ ಟೈಪ್? ರೋಗಿ ಹೆಂಡತಿಯ ಸೇವೆ ಮಾಡುವವನೋ, ಕಾಡಿನ ಕತ್ತಲಲ್ಲಿ ಚಂದ್ರಿಯ ಎದುರು ಕರಗುವವನೋ, ಪುಟ್ಟನ ಜೊತೆ ಮೇಳಿಗೆಯ ಜಾತ್ರೆಯಲ್ಲಿ ಅಳುಕುತ್ತ ಅಲೆಯುವವನೋ? ಮೂವರೂ ಅವನೇ. ಯಾವುದೋ ಒಂದನ್ನು ‘ನಿಜವಾದ’ ಆಚಾರ್ಯ ಎಂದರೆ ಕಾದಂಬರಿಯನ್ನು ನಾವು ಓದಿಲ್ಲ ಎಂದೇ ಅರ್ಥ.

ಪಾತ್ರಕ್ಕೆ ತಪ್ಪು ಚೀಟಿ ಅಂಟಿಸಿದರೆ ಹಾಳಾಗುವುದು ಒಂದು ಪ್ರಬಂಧ ಮಾತ್ರ. ಮನುಷ್ಯರಿಗೆ ಅಂಟಿಸಿದಾಗ ಪೆಟ್ಟು ಬೇರೆ ಥರದ್ದು. ಹಳ್ಳಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ನಗರದ ಕಾಲೇಜಿಗೆ ಬಂದ ಹುಡುಗಿಯನ್ನು ನೆನೆಯಿರಿ. ತರಗತಿಯಲ್ಲಿ ತುಟಿ ಬಿಚ್ಚುವುದಿಲ್ಲ. ಹಾಸ್ಟೆಲಿನ ಕೋಣೆಯಲ್ಲಿ ಅವಳದೇ ದರ್ಬಾರು. ಮೇಷ್ಟ್ರ ಕಣ್ಣಿಗೆ ಅವಳು ‘ಇಂಟ್ರೊವರ್ಟ್’. ಆ ಪದ ಸಿಕ್ಕಿತೋ, ಇಂಗ್ಲಿಷಿನ ಭಯ, ಹಿಂದಿನ ಬೆಂಚಿನವರ ನಗೆ, ತಪ್ಪಾದೀತೆಂಬ ಅಂಜಿಕೆ ಇವುಗಳಲ್ಲಿ ಯಾವುದನ್ನೂ ಯಾರೂ ವಿಚಾರಿಸಬೇಕಾಗಿಲ್ಲ. ತರಗತಿಯ ದೋಷ ಅವಳ ಹುಟ್ಟುಗುಣವಾಗುತ್ತದೆ. ನಾಳೆ ಕೆಲಸದ ಸಂದರ್ಶನದಲ್ಲಿ ಅದೇ ಚೀಟಿ ಅವಳಿಗಿಂತ ಮೊದಲು ಒಳಗೆ ಹೋಗಿ ಕೂತಿರುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು, ಅವಳೇ ಅದನ್ನು ನಂಬಿ ‘ನಾನಿರೋದೇ ಹೀಗೆ’ ಎನ್ನತೊಡಗುವುದು.

ಮನೋವಿಜ್ಞಾನ ಓದುವವರು ಐದು ಗುಣಗಳನ್ನು ಕಲಿಯಲಿ, ಅವುಗಳಿಂದ ಉಪಯೋಗವಿದೆ. ಆದರೆ ಒಬ್ಬರ ಬಗ್ಗೆ ‘ಅವರು ಹೀಗೆ’ ಎಂದು ಷರಾ ಬರೆಯುವ ಮೊದಲು ಮೂರು ಸಣ್ಣ ಪ್ರಶ್ನೆ ಕೇಳಿ: ಯಾವಾಗ ಹೀಗೆ? ಯಾರ ಮುಂದೆ ಹೀಗೆ? ಎಲ್ಲಿ ಹೀಗಲ್ಲ? ಆ ಹುಡುಗಿಯ ಬಗ್ಗೆ ಮೂರನೆಯದನ್ನು ಕೇಳಲು ಹೆಚ್ಚು ದೂರ ಹೋಗಬೇಕಾಗಿಲ್ಲ, ಹಾಸ್ಟೆಲಿನ ತನಕ ನಡೆದರೆ ಸಾಕು.