ಸಾಯಲು ಗೊತ್ತಿರುವ ಕೋಶ

ಪುಂಜಾಲಕಟ್ಟೆ ಕಡೆ ಮಳೆ ಹಿಡಿಯಿತೆಂದರೆ ಅಡಿಕೆಗೆ ಕೊಳೆರೋಗದ ಭಯ. 1910ರ ಹೊತ್ತಿಗೆ ಮೈಸೂರಿನಲ್ಲಿ ಕೋಲ್ಮನ್ ಅಧ್ಯಯನ ಮಾಡಿದ ರೋಗ. ಇವತ್ತಿಗೂ ನಮ್ಮ ಮದ್ದು ಅದೇ ಮೈಲುತುತ್ತು, ಸುಣ್ಣ. ಮಳೆ ಬಿಡುವು ಕೊಡದಿದ್ದರೆ ಅದೂ ಇಲ್ಲ!

ಮರದೊಳಗಿನ ಕಾವಲನ್ನೂ ಹುಡುಕಬೇಕು ಅಂತ ನನ್ನ ವಾದ. ಕೊಳೆರೋಗದ ಫೈಟೋಫ್ಥೊರಾದ ದಾಯಾದಿಯೇ ಆಲೂಗಡ್ಡೆಗೆ ಅಂಗಮಾರಿ ತರೋದು. ಒಂದು ಕಾಡು ಆಲೂಗಡ್ಡೆಯ ಕೋಶದ ಮೇಲ್ಮೈಯಲ್ಲಿ ಇಎಲ್‌ಆರ್ ಎಂಬ ಪ್ರೋಟೀನ್ ಇದೆ. ರೋಗಾಣು ಸುರಿಸುವ ಎಲಿಸಿಟಿನ್ ಸಿಕ್ಕಿದ ಕೂಡಲೇ ಅದು ಒಳಗೆ ಸುದ್ದಿ ಮುಟ್ಟಿಸುತ್ತೆ, ಕೋಶ ತಾನಾಗಿ ಸಾಯುತ್ತೆ. (ನಮ್ಮ ದೇಹದಲ್ಲೂ ಫಾಸ್ ಎಂಬ ಪ್ರೋಟೀನ್ ಕೋಶಗಳಿಗೆ ಇಂಥದ್ದೇ ಆಜ್ಞೆ ಕೊಡಿಸುತ್ತೆ.) 2015ರಲ್ಲಿ ಇಎಲ್‌ಆರನ್ನು ಸಾಗುವಳಿ ಆಲೂಗಡ್ಡೆಗೆ ಸೇರಿಸಿದಾಗ ರೋಗ ತಡೆಯುವ ಶಕ್ತಿ ಹೆಚ್ಚಿತು.

ಅಡಿಕೆಯಲ್ಲಿ ಇಂಥದ್ದನ್ನು ಹುಡುಕೋದು ವಿಟ್ಲದ ಸಿಪಿಸಿಆರ್‌ಐಗೂ ವರ್ಷಗಟ್ಟಲೆಯ ಕೆಲಸ, ಒಪ್ಪಿದೆ. ಅಲ್ಲಿಯತನಕ ಮದ್ದು ಬಿಡೋಕೆ ಮರ ಹತ್ತುವವರು ಸಿಗ್ತಾರಾ ಹೇಳಿ?