ಮೊದಲು ಮನುಷ್ಯ, ಆಮೇಲೆ ಈಟಿ

ಮಳೆ ಹಿಡಿದು ಕೆರೆ ತುಂಬಿತೆಂದರೆ ಕೋರ ಕಡೆಯ ಹುಡುಗರ ಕಣ್ಣು ಹರಿಗೋಲಿನ ಮೇಲೆ. ಈಜು ಬಲ್ಲವನೂ ಎಡವುವುದು ಅದರಿಂದ ನೀರಿಗಿಳಿಯುವಾಗ. ಅಂಚಿನ ಮೇಲೆ ನಿಂತು ಧುಮುಕಿದರೆ ಹರಿಗೋಲು ಮಗುಚೀತು.

ಕಡಲಲ್ಲಿ ಈಟಿಯಿಂದ ಮೀನು ಹೊಡೆಯುವವರದೊಂದು ಕ್ರಮವಿದೆ. ಈಟಿಕೋವಿಯ ರಬ್ಬರನ್ನು ದೋಣಿಯಲ್ಲಿ ಎಳೆದು ಸಜ್ಜು ಮಾಡುವುದಿಲ್ಲ. ಕೆಳಗೆ ಯಾರೂ ಇಲ್ಲವೆಂದು ನೋಡಿ, ಬರಿಗೈಯಲ್ಲಿ ಇಳಿಯುತ್ತಾರೆ. ಆಮೇಲೆ ದೋಣಿಯಲ್ಲಿದ್ದವನು ಮೊನೆಯನ್ನು ಆಚೆ ತಿರುಗಿಸಿ ಕೊಡುತ್ತಾನೆ. ಹತ್ತುವಾಗ ಮೊದಲು ಈಟಿ ಮೇಲಕ್ಕೆ, ಬಳಿಕ ಮನುಷ್ಯ. ನಮ್ಮ ಬಲೆ, ಗಾಳಕ್ಕೂ ಇದೇ ಸಲ್ಲುತ್ತದೆ.

ಕೆರೆಯದು ಇನ್ನೊಂದು ಪೀಡೆ. ಅಂಗಳದಲ್ಲಿ ಬೆಳೆದ ಜಾಲಿ, ಮಣ್ಣು ತೆಗೆದ ಗುಂಡಿ ಎರಡನ್ನೂ ನೀರು ಮುಚ್ಚಿರುತ್ತದೆ. ತಲೆಕೆಳಗಾಗಿ ಹಾರುವ ಮಾತೇ ಬೇಡ! ಗಳ ಇಳಿಸಿ ತಳ ತಡಕಿ ನೋಡಿ. ಜೊತೆಗಾರ ಎದುರು ಬದಿಗೆ ಕೂತು ಭಾರ ಸರಿದೂಗಿಸಲಿ. ನೀವು ಕೂತೇ, ಕಾಲು ಮುಂದಾಗಿ ಮೆಲ್ಲನೆ ಜಾರಿ. ಬಲೆಯ ಹಗ್ಗವನ್ನು ಮಣಿಕಟ್ಟಿಗೆ ಸುತ್ತಿಕೊಳ್ಳಬೇಡಿ. ಮುಚ್ಚಳ ಬಿಗಿದ ಖಾಲಿ ಕ್ಯಾನಿಗೆ ಕಟ್ಟಿ ತೇಲಬಿಡಿ.

‘ಹುಡುಗನಿಗೆ ಈಜು ಬರುತ್ತದಲ್ಲ’ ಎನ್ನುವ ಅಪ್ಪಂದಿರೇ, ಹರಿಗೋಲಿನಲ್ಲಿ ಉಳಿದು ಬಲೆ ಕೈಗೆ ಕೊಡುವ ಆ ಎರಡನೆಯವನು ದೊಡ್ಡವನೇ ಆಗಿರಬೇಕು. ಈ ಭಾನುವಾರ ನೀವೇ ಹೊರಡಿ.