ಬಾಣಂತಿಯ ಟ್ರಂಕು

ಕಳೆದ ತಿಂಗಳು ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಶಹಾಪುರದ ನಮ್ಮ ಮನೆಗೆ ಬಂದಳು. ಬಗಲಲ್ಲಿ ಐದು ತಿಂಗಳ ಕೂಸು. ಎಂ.ಎ. ಮುಗಿಸಿ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿರುವವಳು. ಬರುವ ಸೋಮವಾರ ಮರಳಿ ಪಾಠಕ್ಕೆ ಹೋಗಬೇಕಾದವಳು. ಪುಸ್ತಕ ಕೇಳಲು ಬಂದಿರಬೇಕೆಂದು ನಾನು ಕಪಾಟಿನ ಕಡೆ ನೋಡಿದೆ. ಅವಳು ಕೇಳಿದ್ದು ಬೇರೆ. "ಮೇಡಂ, ನಿಮ್ಮವು ಹಳೇ ಕುಬಸ ಎರಡು ಇದ್ರ ಕೊಡ್ರಿ. ನನ್ನವು ಒಂದೂ ಮೈಗೆ ಬರವಲ್ಲವು" ಎಂದು ತಲೆ ತಗ್ಗಿಸಿದಳು. ಮೈಗೆ ಬರುವ ಕುಬಸ ಒಂದೇ ಇತ್ತಂತೆ. ಅದನ್ನೇ ರಾತ್ರಿ ಒಗೆದು ಫ್ಯಾನಿನ ಕೆಳಗೆ ಆರಿಸಿ ಬೆಳಿಗ್ಗೆ ತೊಡುವುದು. "ಹೊಸವು ಹೊಲಿಸಲಿಕ್ಕೆ ಕೇಳಿದ್ರ, ಕೂಸಿನ ಖರ್ಚೇ ರಗಡ ಆಗ್ಯಾದ, ಈ ವರ್ಷ ಮನ್ಯಾಗೇ ಇರು ಅಂತಾರ್ರಿ" ಎಂದಳು.

ಸಾಹಿತ್ಯದ ಪುಟದಲ್ಲಿ ಕುಬಸದ ಮಾತೇಕೆ ಎಂದು ವಾಚಕರು ಮುಗುಳ್ನಗಬಹುದು. ಎರಡು ಕುಬಸಗಳಿಲ್ಲದ ಕಾರಣಕ್ಕೆ ಒಬ್ಬಳು ಪಾಠ ಹೇಳುವುದನ್ನೇ ಬಿಡುವ ಹಂತಕ್ಕೆ ಬಂದಿದ್ದಳು ಎಂಬುದನ್ನು ಕಣ್ಣಾರೆ ಕಂಡ ಮೇಲೆ ನನಗೆ ನಗು ಬರಲಿಲ್ಲ.

ವಿಚಿತ್ರವೆಂದರೆ, ನಮ್ಮ ಸೀಮೆಯಲ್ಲಿ ಬಸುರಿಯ ಹಬ್ಬಕ್ಕೆ ಹೆಸರೇ 'ಕುಬಸ'. ಬೇರೆಡೆ ಸೀಮಂತ ಎಂಬುದನ್ನು ನಾವು ಕುಬಸ ಮಾಡುವುದು ಎನ್ನುತ್ತೇವೆ. ಕೂರ್ಪಾಸವೆಂಬ ಸಂಸ್ಕೃತ ಶಬ್ದ ಕುಪ್ಪಸವಾಗಿ, ಕುಬಸವಾಗಿ, ಕೊನೆಗೆ ಒಂದು ಸಂಸ್ಕಾರದ ಹೆಸರೇ ಆಗಿಬಿಟ್ಟಿತು. ತವರಿನವರು ಸೀರೆಯ ಜೊತೆಗೆ ಗುಳೇದಗುಡ್ಡದ ಖಣ ತಂದು ಉಡಿ ತುಂಬುತ್ತಿದ್ದರು. ಖಣವೆಂದರೆ ಹೊಲಿಯದ ಬಟ್ಟೆ. ಇದರಲ್ಲಿ ಎಂಥ ವಿವೇಕವಿದೆ ನೋಡಿ! ಏಳನೆಯ ತಿಂಗಳಲ್ಲಿ ಆ ದೇಹದ ಅಳತೆ ತೆಗೆಯುವುದೇ ವ್ಯರ್ಥ, ಇಂದಿನದು ನಾಳೆಗಿಲ್ಲ. ಆದುದರಿಂದ ಬಟ್ಟೆ ಕೊಡು, ಹೊಲಿಗೆ ಆಮೇಲೆ. ಹೊಲಿದ ಮೇಲೂ ಆ ಹಳೆಯ ಕುಬಸಕ್ಕೆ ಗುಂಡಿಯಿಲ್ಲ, ಹುಕ್ಕಿಲ್ಲ. ಎದೆಯ ಕೆಳಗೆ ಎರಡು ತುದಿ ಕೂಡಿಸಿ ಹಾಕುವ ಗಂಟು. ಮೈ ತುಂಬಿದರೆ ಗಂಟು ಸಡಿಲ, ಇಳಿದರೆ ಬಿಗಿ. ಕೂಸಿಗೆ ಹಾಲು ಕೊಡಲು ಅನುಕೂಲ. ನಮ್ಮಜ್ಜಿಯ ಮೈ ಐದು ಹೆರಿಗೆಗಳಲ್ಲಿ ಎಷ್ಟು ಬದಲಾಯಿತೋ ತಿಳಿಯದು. ಅವಳ ಕುಬಸಗಳಂತೂ ಬದಲಾಗಲಿಲ್ಲ.

ಇಂದು ಹಬ್ಬ ಉಳಿದಿದೆ, ವಿವೇಕ ಹೋಗಿದೆ. ಸುರಪುರದಲ್ಲಾಗಲಿ ಯಾದಗಿರಿಯಲ್ಲಾಗಲಿ ಕುಬಸದ ಕಾರ್ಯಕ್ಕೆ ಹೋದರೆ ಬಸುರಿಯ ಮೈಮೇಲೆ ಮಿರಮಿರನೆ ಮಿಂಚುವ ಪಾಲಿಯೆಸ್ಟರಿನ ನಿಲುವಂಗಿ. ಫೋಟೋದ ಒಂದು ಗಂಟೆಗಾಗಿ ಕೊಂಡದ್ದು. ಬಂಧುಗಳು ತರುವ ಆಯೇರಿಯ ಸೀರೆಗಳೋ, ಯಾರ ಮನೆಯಲ್ಲೂ ಯಾರೂ ಉಡದೆ, ಮಡಿಕೆ ಬಿಚ್ಚದೆ, ಒಂದು ಕಾರ್ಯದಿಂದ ಇನ್ನೊಂದು ಕಾರ್ಯಕ್ಕೆ ಪ್ರಯಾಣ ಮಾಡುತ್ತಲೇ ಇರುತ್ತವೆ. ನಾನು ಕೊಟ್ಟದ್ದೇ ಮೂರು ವರ್ಷಗಳ ಮೇಲೆ ನನ್ನ ಬಳಿಗೆ ಬಂದದ್ದುಂಟು. ಸಾವಿರಗಟ್ಟಲೆ ಹಣ ಹೀಗೆ ಹರಿಯುತ್ತದೆ. ಐದು ತಿಂಗಳ ಬಳಿಕ ಅದೇ ಹುಡುಗಿ ಕುಬಸವಿಲ್ಲದೆ ನನ್ನ ಮನೆಯ ಬಾಗಿಲಿಗೆ ಬರುತ್ತಾಳೆ.

ಈ ಪಾಡು ನನಗೂ ಬಂದಿತ್ತು. ಹದಿನಾಲ್ಕು ವರ್ಷಗಳ ಹಿಂದೆ ಸುರಪುರದ ತವರಿನಲ್ಲಿ ಬಾಣಂತನ ಮುಗಿಸಿ, ಕೆಲಸಕ್ಕೆ ಹಾಜರಾಗುವ ಹಿಂದಿನ ದಿನ ಟ್ರಂಕು ತೆಗೆದೆ. ಸೀರೆಗಳು ನನ್ನನ್ನು ಕೈಬಿಡಲಿಲ್ಲ. ಸೀರೆಗೆ ಅಳತೆಯ ಹಂಗಿಲ್ಲ. ನಿರಿಗೆ ಎರಡು ಕಡಿಮೆಯಾದರೆ ಆಯಿತು. ಕುಬಸಗಳು ಹನ್ನೊಂದಿದ್ದವು, ಹನ್ನೊಂದೂ ತೋಳಿನಲ್ಲಿಯೇ ಸಿಕ್ಕಿಕೊಂಡವು. ನಾನು ಮಂಚದ ಮೇಲೆ ಕುಳಿತು ಅತ್ತೆನೆಂದು ಹೇಳಲು ಈಗ ಸಂಕೋಚವಿಲ್ಲ. ಅವ್ವ ಅವನ್ನೆಲ್ಲ ಗಂಟು ಕಟ್ಟಿ ಓಣಿಯ ದರ್ಜಿಯ ಬಳಿಗೆ ಒಯ್ದಳು. ಆ ಮುದುಕ ಒಂದೊಂದನ್ನೂ ಒಳಮಗ್ಗುಲಿಗೆ ತಿರುವಿ ನೋಡಿ, "ಒಳಗ ಎರಡೆರಡು ಬೆರಳು ಅರಿವಿ ಬಿಟ್ಟೇ ಹೊಲದೀನಿ ಯವ್ವಾ. ಹೆಣ್ಣುಮಗಳ ಮೈ, ನನಗ ಗೊತ್ತಿರಂಗಿಲ್ಲೇನು?" ಎಂದನಂತೆ. ಸಂಜೆಗೆ ಏಳು ಕುಬಸಗಳು ತಯಾರು. ಬಿಚ್ಚಿದ ಹೊಲಿಗೆಯ ಜಾಗದಲ್ಲಿ, ಬಿಸಿಲು ಕಾಣದೆ ಉಳಿದ ಬಟ್ಟೆಯ ಗಾಢವಾದ ಬಣ್ಣ ಒಂದು ಪಟ್ಟಿಯಂತೆ ಎದ್ದು ಕಾಣುತ್ತಿತ್ತು. ಸೆರಗು ಅದನ್ನು ಮುಚ್ಚಿತು. ಮುಚ್ಚದಿದ್ದ ದಿನ ಯಾರೂ ಏನೂ ಅನ್ನಲಿಲ್ಲ.

ಈಗಿನ ಸಿದ್ಧ ಉಡುಪುಗಳಲ್ಲಿ ಆ ಎರಡು ಬೆರಳು ಎಲ್ಲಿ? ಅಂಚಿನವರೆಗೆ ಕತ್ತರಿಸಿ ಓವರ್‌ಲಾಕ್ ಹಾಕಿಬಿಡುತ್ತಾರೆ. ಅಗ್ಗವೇನೋ ಹೌದು, ಆದರೆ ಬಿಚ್ಚಲು ಬಾರದ ಬಟ್ಟೆ ಬಡವರಿಗೆ ತುಟ್ಟಿಯ ಬಟ್ಟೆ. ಅದರಲ್ಲಿಯೂ ನಮ್ಮ ಬೇಸಗೆಯಲ್ಲಿ, 40 ಡಿಗ್ರಿ ದಾಟುವ ಬಿಸಿಲಲ್ಲಿ, ಹಾಲು ಸೋರುವ ಮೈಗೆ ಪಾಲಿಯೆಸ್ಟರು ಶಿಕ್ಷೆಯೇ ಸರಿ. ನಾರಾಯಣಪುರದ ಎಡದಂಡೆ ಕಾಲುವೆಯ ನೀರುಂಡು ಹತ್ತಿ ಬೆಳೆಯುವ ನಾಡು ಇದು. ಸುಗ್ಗಿಯಲ್ಲಿ ಶಹಾಪುರದ ರಸ್ತೆಯ ಎರಡೂ ಬದಿಯ ಮುಳ್ಳುಕಂಟಿಗಳಿಗೆ ಲಾರಿಯಿಂದ ಉದುರಿದ ಹತ್ತಿ ಅಂಟಿರುತ್ತದೆ. ಇಲ್ಲಿನ ಬಾಣಂತಿಗೆ ಮಾತ್ರ ಹತ್ತಿಯ ಕುಬಸ ಎಟುಕದು.

ಅವಳ ಹಳೆಯ ಸೀರೆಗಳಾದರೂ ಅವಳಿಗೆ ಉಳಿಯುತ್ತವೆಯೆ? ಅದೂ ಇಲ್ಲ. ಹಸುಗೂಸಿಗೆ ಒಗೆದೊಗೆದು ಮೆತ್ತಗಾದ ನೂಲಿನ ಬಟ್ಟೆಯೇ ಹಿತ. ಆದುದರಿಂದ ತಾಯಿಯ ಒಳ್ಳೆಯ ಇಳಕಲ್ ಸೀರೆ ಮೊದಲು ತೊಟ್ಟಿಲಿಗೆ, ಬಳಿಕ ಕುಂಚಿಗೆಗೆ, ಉಳಿದ ಚೂರು ಕೌದಿಗೆ. ನಮ್ಮ ಸುರಪುರ ಸೀಮೆಯ ಮುದನೂರಿನ ನೇಕಾರ ದೇವರ ದಾಸಿಮಯ್ಯ, ತಾನು ಬಹುಕಾಲ ನೇಯ್ದ ವಸ್ತ್ರವನ್ನು ಬೇಡಿ ಬಂದ ಜಂಗಮನಿಗೆ ಕೊಟ್ಟನೆಂದೂ, ಜಂಗಮ ಅದನ್ನು ಕಣ್ಣೆದುರೇ ಹರಿದು ಚೂರು ಮಾಡಿದನೆಂದೂ, ದಾಸಿಮಯ್ಯ ನೊಂದುಕೊಳ್ಳಲಿಲ್ಲವೆಂದೂ ಕಥೆಯಿದೆ. ತಾಯಿಯೂ ನೊಂದುಕೊಳ್ಳುವುದಿಲ್ಲ. ಆದರೆ ದಾಸಿಮಯ್ಯನಿಗೆ ಕೊನೆಗೆ ತವನಿಧಿ ದೊರೆಯಿತಲ್ಲ! ನಮ್ಮ ದಾಸರು ಬಾಲಕೃಷ್ಣನ ಗೆಜ್ಜೆ, ಉಡಿದಾರ, ಕುಲಾವಿಗಳನ್ನು ಎಷ್ಟೊಂದು ಸಲ ಹಾಡಿದರು. ಯಶೋದೆ ಏನು ಉಟ್ಟಿದ್ದಳೆಂಬುದು ನನಗೆ ಒಂದು ಹಾಡಿನಿಂದಲೂ ನೆನಪಿಗೆ ಬಾರದು. ತರಗತಿಯಲ್ಲಿ ಇದನ್ನು ಕೇಳಿದಾಗ ಹುಡುಗರು ಸುಮ್ಮನಿದ್ದರು, ಹುಡುಗಿಯರು ನಕ್ಕರು.

ಸರಕಾರದ ಹಣ ಬರುತ್ತದಲ್ಲ ಎನ್ನುವವರಿದ್ದಾರೆ. ಮಾತೃವಂದನಾ ಯೋಜನೆಯಲ್ಲಿ ಮೊದಲ ಕೂಸಿಗೆ 5,000 ರೂಪಾಯಿ. ಅದು ಅಂಟು, ಕೊಬ್ಬರಿ, ಉತ್ತತ್ತಿಗೆ ಹೋಗುತ್ತದೆ, ಹೋಗತಕ್ಕದ್ದೇ. 2023ರಲ್ಲಿ ಆರಂಭವಾದ ಗೃಹಲಕ್ಷ್ಮಿಯ 2,000 ರೂಪಾಯಿ ಮನೆಯ ಯಜಮಾನಿಗೆ. ಕೂಡುಕುಟುಂಬದಲ್ಲಿ ಯಜಮಾನಿಯೆಂದರೆ ಸಾಮಾನ್ಯವಾಗಿ ಅತ್ತೆ. ಸಂಬಳಸಹಿತ ಹೆರಿಗೆ ರಜೆಯನ್ನು 2017ರ ತಿದ್ದುಪಡಿ 26 ವಾರಗಳಿಗೆ ಏರಿಸಿತು. ರಜೆ ಮುಗಿದ ದಿನ ಉಡುವುದೇನೆಂದು ಕಾಯಿದೆ ಹೇಳಲಾರದು. ಅದು ಮನೆಯವರು ಯೋಚಿಸಬೇಕಾದ ಮಾತು.

ನನ್ನ ಅಭಿಪ್ರಾಯ ಇಷ್ಟೇ: ಕುಬಸದ ಕಾರ್ಯಕ್ಕೆ ಹೋಗುವವರು ಆ ಮಿರುಗುವ ಸೀರೆಯ ಬದಲು ಎರಡು ಮೀಟರು ನೂಲಿನ ಬಟ್ಟೆಯನ್ನೂ, ಹೊಲಿಗೆಯ ಕೂಲಿಯನ್ನೂ ಅವಳ ಕೈಯಲ್ಲೇ ಕೊಡಲಿ. ಅದನ್ನು ಹೆರಿಗೆಯಾಗಿ ಮೂರು ತಿಂಗಳ ಮೇಲೆ, ಮುಂದೆ ಹುಕ್ಕಿಟ್ಟು ಹೊಲಿಸಿಕೊಳ್ಳಲಿ. ಅಕ್ಕತಂಗಿಯರು, ನೆಗೆಣ್ಣಿಯರು ಸೀರೆಗಳನ್ನು ಅದಲುಬದಲು ಮಾಡಿಕೊಂಡು ಉಡುವ ಪದ್ಧತಿ ನಮ್ಮಲ್ಲಿ ಇದ್ದೇ ಇತ್ತು. ಅದು ಬಡತನದ ಗುರುತೆಂದು ಯಾವಾಗ ನಾಚಲು ಕಲಿತೆವೋ ಕಾಣೆ. ನನ್ನ ಸಹೋದ್ಯೋಗಿಯೊಬ್ಬರು ಇದನ್ನು ಕೇಳಿ, "ಕಾರ್ಯಕ್ಕೆ ಬರೀ ಅರಿವಿ ತಂದ್ರಂತ ಆಡಿಕೊಳ್ಳೂದಿಲ್ಲೇನು?" ಎಂದರು. ಆಡಿಕೊಳ್ಳುತ್ತಾರೆ. ಆ ಮಾತಿಗೆ ನನ್ನಲ್ಲಿ ಉತ್ತರವಿಲ್ಲ.

ಆ ಸಂಜೆ ನಾನು ಅವ್ವನ ಒಂಬತ್ತು ಗಜದ ಇಳಕಲ್ ಸೀರೆ ತೆಗೆದೆ. ಕೂಸು ನನ್ನ ತೊಡೆಯ ಮೇಲಿತ್ತು. ಕತ್ತರಿ ಅವಳ ಕೈಯಲ್ಲಿ. ಸೆರಗಿನ ತುದಿ ಬಿಟ್ಟು ಇನ್ನೊಂದು ಕಡೆಯಿಂದ ಮೂರು ಗಜ ತೆಗೆದರೆ ಇವಳಿಗೆ ಆರು ಗಜದ ಸೀರೆ, ಅದೇ ಬಣ್ಣದ ಎರಡು ಕುಬಸ, ಮೇಲೆ ಕೂಸಿಗೊಂದು ಕುಂಚಿಗೆ. ಅವಳು ಕತ್ತರಿಸಲು ಹಿಂಜರಿದಳು. "ಅಮ್ಮಾರ ಸೀರಿ ಅಲ್ರೀ ಮೇಡಂ" ಎಂದಳು. ಅವ್ವ ಇದ್ದಿದ್ದರೆ ತಾನೇ ಕತ್ತರಿಸಿ ಕೊಡುತ್ತಿದ್ದಳೆಂದೆ. ಹೊರಡುವಾಗ, ಒಳಗೆ ಎರಡು ಬೆರಳು ಬಟ್ಟೆ ಬಿಟ್ಟು ಹೊಲಿಯಲು ದರ್ಜಿಗೆ ಹೇಳೆಂದು ನೆನಪಿಸಿದೆ. "ಮತ್ತೊಂದು ಕೂಸಿಗೇನ್ರಿ?" ಎಂದು ನಗುತ್ತ ಮೆಟ್ಟಿಲಿಳಿದಳು.